ಗೆದ್ದ ಹಣ್ಣು

"ಹಾಗಾದ್ರೆ ಈ ವಾರ ಗೆದ್ದಿದ್ದು ಯಾರು? ನೆಕ್ಟರಿನ್!" ಎಂದು ಕೂಗಿ ನಾದಿನಿ ಅಣ್ಣನ ಚಿಕ್ಕ ಮಗಳ ಕೈಯನ್ನು ಕುಸ್ತಿಯ ತೀರ್ಪುಗಾರನ ಹಾಗೆ ಮೇಲಕ್ಕೆತ್ತುವುದಕ್ಕೂ, ಮಕ್ಕಳ ತಾಯಿ ಪಾರ್ಲರ್ ಮುಚ್ಚಿ ಮನೆಯೊಳಗೆ ಕಾಲಿಡುವುದಕ್ಕೂ ಸರಿಹೋಯಿತು. ಊಟದ ಮೇಜು ಗೋಡೆ ಸೇರಿತ್ತು. ಅದರ ಮೇಲೆ ಹಿಟ್ಟಿನ ಡಬ್ಬಿಗಳನ್ನು ಪೇರಿಸಿ, ತುದಿಯಲ್ಲಿ ಫೋನನ್ನು ಒರಗಿಸಿಡಲಾಗಿತ್ತು. ಅದರೆದುರು ಅವಳ ಇಬ್ಬರು ಹೆಣ್ಣುಮಕ್ಕಳು: ಚಿಕ್ಕವಳ ಕೈಯಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ನುಣುಪು ನೆಕ್ಟರಿನ್, ದೊಡ್ಡವಳ ಕೈಯಲ್ಲಿ ಮೈತುಂಬ ನವಿರು ರೋಮದ ಪೀಚ್. ಅಕ್ಕತಂಗಿಯರಂಥ ಹಣ್ಣುಗಳು, ಸಿಪ್ಪೆ ಸುಲಿದಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ವಾರಕ್ಕೊಮ್ಮೆ ಎರಡು ತಿನಿಸುಗಳನ್ನು ಹೀಗೆ ಕುಸ್ತಿಗೆ ಬಿಟ್ಟು, ಪೋಷಕಾಂಶ ಯಾವುದರಲ್ಲಿ ಹೆಚ್ಚೆಂದು ವಿಡಿಯೊ ಮಾಡಿ ಹಾಕುವುದು ನಾದಿನಿಯ ಹೊಸ ಹುಚ್ಚು. ಇಷ್ಟು ದಿನ ಅವಳ ಮನೆಯ ಬಟ್ಟಲುಗಳಲ್ಲಿನ ತಿನಿಸುಗಳಷ್ಟೇ ಸೋಲುತ್ತಿದ್ದವು, ಗೆಲ್ಲುತ್ತಿದ್ದವು. ಯಾರ ಗಂಟೂ ಹೋಗುತ್ತಿರಲಿಲ್ಲ.

"ಬಂದ್ರಾ ಅತ್ತಿಗೆ? ನೋಡಿ ಎಷ್ಟು ಚೆನ್ನಾಗಿ ಬಂದಿದೆ. ಎರಡನೇ ಸಲಕ್ಕೇ ಓಕೆ!" ಎಂದು ಅವಳು ಫೋನನ್ನು ಅತ್ತಿಗೆಯ ಮೂಗಿನ ಬಳಿಗೇ ಹಿಡಿದಳು.

ಪರದೆಯ ಮೇಲೆ ನಾದಿನಿ ಪಟಪಟನೆ ಹೇಳುತ್ತಿದ್ದಳು. "ಪೀಚ್‌ನಲ್ಲಿ ವಿಟಮಿನ್ ಸಿ ಒಂದು ಚೂರು ಜಾಸ್ತಿ. ನೆಕ್ಟರಿನ್‌ನಲ್ಲಿ ಪೊಟ್ಯಾಸಿಯಂ ಒಂದು ಚೂರು ಜಾಸ್ತಿ. ಸಕ್ಕರೆ, ನಾರು ಎಲ್ಲಾ ಹೆಚ್ಚುಕಮ್ಮಿ ಒಂದೇ. ಮತ್ತೆ ತೀರ್ಪು ಹೇಗೆ? ಮುಖ ನೋಡಿ ಸ್ನೇಹಿತರೇ, ಮುಖ! ಇವಳಿಗೆ ಗಡ್ಡ, ಇವಳು ನೈಸು!" 'ಇವಳಿಗೆ' ಎನ್ನುವಾಗ ಅವಳ ಬೆರಳು ಹಣ್ಣನ್ನು ದಾಟಿ, ದೊಡ್ಡವಳ ಕಿವಿಯಿಂದ ದವಡೆಗೆ ಇಳಿದಿದ್ದ ನವಿರು ಕೂದಲನ್ನು ಸವರಿತ್ತು. ಹುಡುಗಿ ನಕ್ಕಿದ್ದಳು. ನಗುನಗುತ್ತಲೇ ಪೀಚನ್ನು ಮೆಲ್ಲಗೆ ಮೇಲೆತ್ತಿ ಕೆನ್ನೆಗೆ ಅಡ್ಡ ಹಿಡಿದಿದ್ದಳು.

ತಾಯಿಗೆ ಮೈಯೆಲ್ಲ ಉರಿದುಹೋಯಿತು.

"ಅಳಿಸು."

"ಏನು?"

"ಈಗಲೇ ಅಳಿಸು ಅಂದೆ."

"ಅಯ್ಯೋ, ತಮಾಷೆ ಅತ್ತಿಗೆ! ಅವಳೇ ಹಲ್ಲು ಕಿರೀತಿದಾಳೆ, ನಿಮಗೇನು ಕಷ್ಟ?"

"ಎರಡೂ ಒಂದೇ ಅಂತ ನಿನ್ನ ಬಾಯಲ್ಲೇ ಹೇಳಿದ್ಯಲ್ಲ. ಅಲ್ಲಿಗೇ ಬಾಯಿ ಮುಚ್ಚೋಕೆ ಏನಾಗಿತ್ತು?"

"ಎರಡೂ ಒಂದೇ ಅಂದ್ರೆ ಯಾರು ನೋಡ್ತಾರೆ? ಕುಸ್ತಿ ಅಂದ್ಮೇಲೆ ಒಬ್ಬರು ಸೋಲಲೇಬೇಕು."

"ಸೋಲೋಕೆ ನನ್ನ ಮಗಳೇ ಸಿಕ್ಕಿದ್ಲಾ? ನಿನ್ನ ಮುಖವನ್ನೇ ಇಟ್ಕೊಂಡು ಸೋಲಿಸಬೇಕಿತ್ತು. ಊರೆಲ್ಲಾ ನೋಡಿ ನಗ್ತಿತ್ತು, ನೀನೂ ಜೊತೆಗೆ ನಗಬಹುದಿತ್ತು."

ನಾದಿನಿ ಮುಖ ಗಂಟಿಕ್ಕಿದಳು. "ಯಾರು ಯಾರಿಗೆ ಬುದ್ಧಿ ಹೇಳೋದು! ಬೆಳಗ್ಗೆಯಿಂದ ಸಂಜೆವರೆಗೂ ಹಲ್ಲಲ್ಲಿ ದಾರ ಕಚ್ಕೊಂಡು ಕಂಡವರ ಮುಖದ ಕೂದಲು ಕೀಳೋರು ನೀವು. ಕೂದಲು ಅಷ್ಟು ಚೆಂದ ಆಗಿದ್ರೆ ನಿಮ್ಮ ಪಾರ್ಲರ್ ಬಾಗಿಲು ಯಾರು ತಟ್ತಿದ್ರು?"

ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮೇಲ್ದುಟಿಯ ಮೇಲೆ, ಕೆನ್ನೆಯ ಮೇಲೆ ದಾರ ಆಡಿಸಿ, ಕನ್ನಡಿ ಹಿಡಿದು, "ನೋಡಿ, ಈಗ ಎಷ್ಟು ಲಕ್ಷಣವಾಯ್ತು" ಎಂದು ಇಡೀ ದಿನ ಹೇಳಿ ಬಂದವಳು ಅವಳೇ. ಮೊನ್ನೆ ತಾನೇ ದೊಡ್ಡವಳು ಹಿಂದೆ ಹಿಂದೆ ಸುತ್ತಿ, "ನನಗೂ ತೆಗಿಯಮ್ಮಾ" ಎಂದಿದ್ದಳು. ದಿನವಿಡೀ ಬಗ್ಗಿ ನೋಯುತ್ತಿದ್ದ ಕತ್ತು ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದ ಅಮ್ಮ, "ಇಷ್ಟು ವಯಸ್ಸಿಗೇ ಎಂಥ ಶೋಕಿನೇ ನಿಂದು? ಹೋಗು, ಓದ್ಕೋ" ಎಂದು ಗದರಿ ಕಳಿಸಿದ್ದಳು.

"ನನ್ನ ಹತ್ರ ಬರೋರು ತಾವಾಗಿ ಬರ್ತಾರೆ," ಎಂದಳು ತಾಯಿ. "ಪಕ್ಕದಲ್ಲಿ ಇನ್ನೊಬ್ಬಳನ್ನ ನಿಲ್ಲಿಸಿ ಅವಳ ಕೈ ಎತ್ತಿ ತೋರಿಸೋ ಕೆಲಸ ನಾನು ಮಾಡಲ್ಲ. ಅದೂ ಒಂದೇ ಹೊಟ್ಟೇಲಿ ಹುಟ್ಟಿದೋರನ್ನ! ಅಳಿಸ್ತೀಯೋ, ಇಲ್ಲಾ ಈ ಫೋನನ್ನ ನೀರಿನ ಬಕೆಟ್ಟಿಗೆ ಹಾಕ್ಲೋ?"

ಅತ್ತಿಗೆ ಹಾಕಿಯೇಬಿಡುತ್ತಾಳೆಂದು ನಾದಿನಿಗೆ ಅನ್ನಿಸಿರಬೇಕು. ಅವಳೆದುರೇ ಬೆರಳು ಒತ್ತಿ ಅಳಿಸಿದಳು. "ಹಣ್ಣು ತಂದವಳೂ ನಾನೇ, ಬೈಸ್ಕೊಂಡವಳೂ ನಾನೇ. ಒಳ್ಳೇ ಮರ್ಯಾದೆ!" ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದಳು. ಬಾಗಿಲು ಧಡಾರೆಂದಿತು.

ಚಿಕ್ಕವಳು ಅರ್ಧ ಕಚ್ಚಿದ ನೆಕ್ಟರಿನ್ ಹಿಡಿದು ಇನ್ನೂ ಅಲ್ಲೇ ನಿಂತಿದ್ದಳು. "ಅಮ್ಮಾ, ಹಾಗಾದ್ರೆ ನಾನು ಗೆದ್ದಿದ್ದು ಲೆಕ್ಕಕ್ಕಿಲ್ವಾ?"

"ಇಲ್ಲ. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ." ಹಾಗೆಂದಳೇ ಹೊರತು, ಮೇಜನ್ನು ಮೊದಲಿದ್ದ ಜಾಗಕ್ಕೆ ಎಳೆಯುವಾಗ ತಾನಂತೂ ಗೆದ್ದೆ ಎಂದು ಅವಳಿಗೆ ಅನ್ನಿಸಿತು. ಈ ಸಮಾಧಾನವನ್ನು ಹೇಳಿಕೊಳ್ಳಲು ದೊಡ್ಡವಳನ್ನು ಹುಡುಕಿದಳು. ಯಾವಾಗ ಒಳಗೆ ಹೋಗಿದ್ದಳೋ. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು.

ಹುಡುಗಿ ಸಿಂಕಿನ ಮೇಲೆ ಬಗ್ಗಿ, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರಿನಿಂದ ಪೀಚನ್ನು ತಿಕ್ಕುತ್ತಿದ್ದಳು. ರೋಮವೆಲ್ಲ ಹೋಗಿತ್ತು. ಅಲ್ಲಲ್ಲಿ ಸಿಪ್ಪೆಯೂ ಕಿತ್ತು ಬಂದು, ರಸ ಮೊಣಕೈವರೆಗೆ ಇಳಿಯುತ್ತಿತ್ತು.

"ಏನೇ ಮಾಡ್ತಿದೀಯ?"

"ಹೋಗತ್ತಮ್ಮಾ," ಎಂದಳು ಮಗಳು, ದೊಡ್ಡ ಚಿಂತೆಯೊಂದು ಕಳೆದವಳ ಹಾಗೆ. "ಮೊದಲು ಹಣ್ಣಿನ ಮೇಲೆ ಮಾಡಿ ನೋಡ್ದೆ."

ಹಣ್ಣನ್ನು ಪಕ್ಕಕ್ಕಿಟ್ಟು, ಸ್ಕ್ರಬ್ಬರಿಗೆ ಅಂಟಿದ್ದ ಸಿಪ್ಪೆಯ ಚೂರುಗಳನ್ನು ಬಿಡಿಸಿ, ಅದನ್ನು ನಲ್ಲಿಯ ಕೆಳಗೆ ಹಿಡಿದು ಚೊಕ್ಕವಾಗಿ ತೊಳೆಯತೊಡಗಿದಳು.