ಆರನೇ ತಾರೀಖು

“ಏನ್ಲಾ ರಘು, ಈ ಹಾಲು ಡಿಸೆಂಬರ್ ಗಂಟ ಕೆಡಾಕಿಲ್ವಾ?”

ಮಂಡ್ಯದಿಂದ ವಿದೇಶದಲ್ಲಿದ್ದ ಮಗನ ಅಪಾರ್ಟ್‌ಮೆಂಟಿಗೆ ಬಂದು ಹದಿನೈದು ದಿನವಾಗಿದ್ದ ಭದ್ರಮ್ಮ ಹಾಲಿನ ಡಬ್ಬವನ್ನು ಕನ್ನಡಕದ ಹತ್ತಿರ ಹಿಡಿದಿದ್ದರು. ಅದರ ಮೇಲೆ 06/12 ಎಂದಿತ್ತು. “ಆರನೇ ತಾರೀಕು, ಹನ್ನೆರಡನೇ ತಿಂಗ್ಳು. ಇದೇನು ಹಸ ಕರೆದಿದ್ದಾ, ಸುಣ್ಣದ ನೀರಾ?”

ಆಫೀಸಿಗೆ ಹೊರಟಿದ್ದ ರಘು ನಕ್ಕ. “ಅವ್ವಾ, ಇಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ. ಅದು ಜೂನ್ ಹನ್ನೆರಡು. ಇನ್ನು ಮೂರೇ ದಿನ.”

“ತಲೆಕೆಳಗು ಜನ ಕಣಪ್ಪ,” ಎಂದು ಅವರು ಹಾಲನ್ನು ಒಲೆಗಿಟ್ಟರು.

ರಘುವಿನ ನಗು ಅರ್ಧಕ್ಕೇ ನಿಂತಿತು. ಬ್ಯಾಗಿನಿಂದ ಒಂದು ಫ್ಯಾಕ್ಸ್ ಎಳೆದು ನೋಡಿದ.

ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಅವನದು ಒಡೆಯುವ ಕಟ್ಟೆಗಳ ಲೆಕ್ಕ. ಗುಡ್ಡ ಕುಸಿದು ನದಿಗೆ ಅಡ್ಡ ಬಿದ್ದರೆ ಹಿಂದೆ ನೀರು ನಿಲ್ಲುತ್ತದೆ. ಅದು ಯಾವತ್ತು ಮಣ್ಣಿನ ಮೇಲೆ ಹರಿದು ಕಟ್ಟೆ ಒಡೆಯುತ್ತದೆ, ಕೆಳಗಿನ ಊರಿಗೆ ಎಷ್ಟೆತ್ತರ ಬರುತ್ತದೆ ಎಂದು ಅವನ ಕಂಪ್ಯೂಟರ್ ಮಾಡೆಲ್ಲು ಹೇಳಬೇಕು. ಹಿಮಾಲಯದ ಒಂದು ಕಣಿವೆಯಲ್ಲಿ ಚಳಿಗಾಲಕ್ಕೇ ಗುಡ್ಡ ಬಿದ್ದಿತ್ತು. ಅಲ್ಲಿ ಇಂಜಿನಿಯರ್ ಆಗಿದ್ದ ಕಾಲೇಜಿನ ಗೆಳೆಯ ಸುರೇಶ್ ಈ ಫ್ಯಾಕ್ಸಿನಲ್ಲಿ ನೀರಿನ ಮಟ್ಟ ಬರೆದು ಕಳಿಸಿದ್ದ: 3/6, 4/6, 5/6, 6/6. ಪ್ರತಿ ಸಲವೂ ಮೂರು ಮೀಟರ್ ಏರಿಕೆ. ಕಟ್ಟೆಯ ನೆತ್ತಿಗೆ ಉಳಿದದ್ದು ಹನ್ನೆರಡು ಮೀಟರ್. ಪಾಪ, ತಿಂಗಳಿಗೊಮ್ಮೆ, ಆರನೇ ತಾರೀಖಿಗೆ ಬೆಟ್ಟ ಹತ್ತಿ ಅಳೆಯುತ್ತಾನೆ ಎಂದುಕೊಂಡ ರಘು. ಇನ್ನು ನಾಲ್ಕು ತಿಂಗಳಿದೆ, ನೀರು ನಿಧಾನ, ಕಟ್ಟೆಯೂ ನಿಧಾನವಾಗಿ ಕೊರೆದುಹೋಗುತ್ತದೆ, ಊರಿಗೆ ಮೊಣಕಾಲುದ್ದ ನೀರು ಬರಬಹುದು ಎಂದು ಬುಧವಾರವೇ ರಿಪೋರ್ಟು ಕಳಿಸಿದ್ದ.

ಸುರೇಶ್ ಅಳೆದದ್ದು ದಿನಾ. ಜೂನ್ ಮೂರು, ನಾಲ್ಕು, ಐದು, ಆರು. ಹಾಗಾದರೆ ಕಟ್ಟೆ ಒಡೆಯುವುದು ಹತ್ತಕ್ಕೆ. ಇವತ್ತು ಒಂಬತ್ತು! ಆರು ತಿಂಗಳ ಹಿಂದೆ, ಎರಡು ಸಾವಿರ ಇಸವಿ ಬರುವಾಗ, ಈ ಊರಿಗೆ ಊರೇ ತಾರೀಖಿನ ಎರಡು ಅಂಕಿಗೆ ಹೆದರಿ ನಿದ್ದೆಗೆಟ್ಟಿತ್ತು. ರಘು ಅದನ್ನು ನೋಡಿ ನಕ್ಕಿದ್ದ. ಇಲ್ಲಿಗೆ ಬಂದ ಎಂಟೇ ವರ್ಷದಲ್ಲಿ ಊರಿನ ತಾರೀಖು ಓದುವುದನ್ನು ಮರೆತೆನಲ್ಲ ಎಂದು ಈಗ ತನ್ನ ಮೇಲೇ ಹೇಸಿಗೆಯಾಯಿತು.

ಮೂರನೇ ಸಲಕ್ಕೆ ಫೋನು ತಾಗಿತು. ಅಲ್ಲಿ ಆಗಲೇ ರಾತ್ರಿ ಎಂಟೂವರೆ.

“ಸುರೇಶ್, ಕಟ್ಟೆ ನಾಳೆ ಒಡೆಯುತ್ತೆ ಕಣೋ!”

“ಗೊತ್ತಲ್ಲೋ. ನಿನ್ನ ರಿಪೋರ್ಟಲ್ಲೇ ಇದೆ, ಹತ್ತು ಬಾರ್ ಆರು ಅಂತ. ನಾನು ಬೆರಳಲ್ಲಿ ಎಣಿಸಿದ್ರೂ ಅದೇ ಬಂತು. ಊರು ಖಾಲಿ ಮಾಡ್ಸಿ ಆಯ್ತು.”

ರಘು ಬರೆದ 10/6 ಎಂದರೆ ಅಕ್ಟೋಬರ್ ಆರು. ಅವರು ಓದಿದ್ದು ಜೂನ್ ಹತ್ತು. ತಪ್ಪಿಗೆ ತಪ್ಪು ಸೇರಿ ಸರಿಯಾಗಿತ್ತು. ದೇವರು ದೊಡ್ಡವನು ಎಂದು ಕಣ್ಣೊರೆಸಿಕೊಂಡ. ಭದ್ರಮ್ಮ ಕಾಫಿ ಲೋಟ ಹಿಡಿದು ಮಗನ ಮುಖವನ್ನೇ ನೋಡುತ್ತಿದ್ದರು.

“ಜನ ಎಲ್ಲಿದ್ದಾರೆ?”

“ಸ್ಕೂಲಲ್ಲಿ. ನದಿಗಿಂತ ಚೂರು ಮೇಲಿದೆ, ಎಂಟುನೂರು ಜನಾನೂ ಹಿಡಿಸಿದ್ರು. ಮೊಣಕಾಲುದ್ದ ನೀರು ತಾನೇ ನೀನು ಬರೆದಿರೋದು? ಜಗಲಿನೂ ಮುಟ್ಟಲ್ಲ ಬಿಡು.”

ತಾರೀಖನ್ನಾದರೆ ಹಿಂದುಮುಂದು ಓದಬಹುದಿತ್ತು. ಮೊಣಕಾಲು ಹೇಗೆ ಓದಿದರೂ ಮೊಣಕಾಲೇ. ಅದು ತಿಂಗಳಿಗೆ ಮೂರು ಮೀಟರ್ ಏರುವ ನೀರಿನ ಲೆಕ್ಕ; ದಿನಕ್ಕೆ ಮೂರು ಮೀಟರ್ ಎಂದರೆ ಅದರ ಮೂವತ್ತು ಪಟ್ಟು, ಕಟ್ಟೆ ಒಂದೇ ಏಟಿಗೆ ಕೊಚ್ಚಿಹೋಗುತ್ತದೆ.

“ಅಲ್ಲಿಂದ ಎಬ್ಬಿಸೋ!” ರಘು ಕಿರುಚಿದ. “ಈಗ್ಲೇ ಬೆಟ್ಟ ಹತ್ಸು ಎಲ್ಲರನ್ನೂ!”

“ಎಷ್ಟೆತ್ತರಕ್ಕೆ? ಸರಿಯಾಗಿ ಹೇಳು, ಬರ್ಕೋತೀನಿ.”

ಲೆಕ್ಕದ ಹುಲಿ ಎನಿಸಿಕೊಂಡಿದ್ದವನು ಫ್ಯಾಕ್ಸನ್ನು ಮಡಿಸಿ ಪಕ್ಕಕ್ಕಿಟ್ಟ.

“ಕಾಲು ಸೋಲೋವರ್ಗೂ ಹತ್ಸು,” ಎಂದ.