ಹದಿನಾಲ್ಕು ಗೆರೆಗಳ ತುಂಗಮ್ಮ

ಫೋಟೋದಂಥ, ಚುಕ್ಕಿಗಳಿಂದಾದ ಚಿತ್ರಗಳನ್ನೆಲ್ಲ ಗೆರೆಯ ಚಿತ್ರಗಳಾಗಿ ಮಾಡಿಸಬೇಕೆಂಬ ಕಾನೂನು ಬಂದು ವರ್ಷವಾಯಿತು. ದೇವರ ಪಟಗಳಿಗೂ ವಿನಾಯಿತಿ ಇಲ್ಲ. ನಮ್ಮ ಮನೆಯ ನರಸಿಂಹಸ್ವಾಮಿಯೂ ಈಗ ನುಣ್ಣಗೆ ಕ್ಷೌರ ಮಾಡಿಸಿಕೊಂಡವನಂತೆ ಕೂತಿದ್ದಾನೆ. ನನ್ನ ಹೆಂಡತಿ ತುಂಗಮ್ಮನ ವೈಕುಂಠ ಸಮಾರಾಧನೆಗೆ ಎರಡು ದಿನವಿತ್ತು. ಅವಳದೆಂದು ಉಳಿದಿದ್ದ ಒಂದೇ ಫೋಟೋ ಹಿಡಿದು ಗೆರೆ ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತೆ ಚಂಪಕಾ ಅದನ್ನು ನೋಡಿ, "ಮುಖ ಮಸುಕಾಗಿದೆಯಲ್ಲ ತಾತ?" ಎಂದಳು.

"ನಗ್ತಾ ತಿರುಗಿಬಿಟ್ಲಮ್ಮ. ನಿಂತಲ್ಲಿ ನಿಂತವಳೇ ಅಲ್ಲ ಅವಳು."

ಯಂತ್ರ ಫೋಟೋವನ್ನು ನುಂಗಿ, ಹದಿನಾಲ್ಕು ಗೆರೆಗಳ ಹೆಂಗಸೊಬ್ಬಳನ್ನು ಕೊಟ್ಟಿತು. ತುಟಿ ಬಿಗಿದುಕೊಂಡು ನೆಟ್ಟಗೆ ನಿಂತಿದ್ದಳು.

"ಇನ್ನು ಗೋಡೆಯಷ್ಟು ದೊಡ್ಡದು ಮಾಡಿಸಿ ತಾತ, ಚುಕ್ಕಿ ಚುಕ್ಕಿಯಾಗಿ ಒಂಚೂರೂ ಒಡೆಯಲ್ಲ."

"ಭೇಷ್! ನಲವತ್ತು ವರ್ಷ ನನ್ನ ಕೈಲಿ ಆಗಲಿಲ್ಲ, ಒಂದು ನಿಮಿಷದಲ್ಲಿ ಅವಳ ಬಾಯಿ ಮುಚ್ಚಿಸಿದೆಯಲ್ಲ ತಾಯಿ! ಚುಕ್ಕಿಗಳೆಲ್ಲಿ?"

ಅವಳು ಯಂತ್ರದ ಕೆಳಗಿನ ತಟ್ಟೆ ತೋರಿಸಿದಳು. ಫೋಟೋದ ಚುಕ್ಕಿಗಳೆಲ್ಲ ಅಲ್ಲಿ ಬೂದಿಯಂತೆ ಉದುರಿದ್ದವು.

"ಅದು ಕಸ ತಾತ. ಸಂಜೆ ಗುಡಿಸ್ತಾರೆ."

ಗೆರೆಯ ಹೆಂಗಸನ್ನು ಮೇಜಿನ ಮೇಲೆಯೇ ಬಿಟ್ಟು, ನನ್ನವಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಬಂದೆ.