ಮೂರನೇ ಆಟೀನ್ ರಾಣಿ

"ಗೆದ್ದವರಿಗೆ ಬೆಳ್ಳಿ ಕಪ್, ಜೊತೆಗೆ ಈ ಪೆಟ್ಟಿಗೆಯ ಮೊದಲ ಬಳಕೆ ಪುಕ್ಕಟೆ!" ಎಂದು ನಾನು ಮೈಕಿನಲ್ಲಿ ಕೂಗಿದಾಗ ನ್ಯಾಮತಿಯ ಸಮುದಾಯ ಭವನದ ಶೀಟು ಹಾರಿಹೋಗುವಷ್ಟು ನಗು ಎದ್ದಿತು. ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಅದು. ಊರಿಗೊಂದು ಇರಲಿ, ಕೊಳ್ಳಲು ಚಂದಾ ಕೂಡಲಿ ಎಂದು ಈ ರಮ್ಮಿ ಟೂರ್ನಮೆಂಟ್ ಇಟ್ಟವನು ನಾನೇ, ಷಣ್ಮುಖಪ್ಪ. ಮಾರುವವನು ತೋರಿಸಲು ತಂದ ಪೆಟ್ಟಿಗೆ ವೇದಿಕೆ ಮೇಲಿತ್ತು. ಅದರ ವೈರನ್ನು ಸುತ್ತಿ ಗಾಜಿನ ಮುಚ್ಚಳದ ಮೇಲಿಟ್ಟಿದ್ದರು.

ನಕ್ಕು ಮುಗಿದ ಮೇಲೆ ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಅಲ್ಲಿಂದ ಆಟವೇ ತಿರುಗಿಬಿತ್ತು. ನಾಲ್ಕು ತಾಲ್ಲೂಕಿನ ಹುಲಿಗಳು ಸೋಲಲು ಪೈಪೋಟಿಗೆ ಬಿದ್ದರು. ಚನ್ನಗಿರಿಯವರು ಅರ್ಧ ಗಂಟೆಯಲ್ಲಿ ಸೋತು ಬಸ್ಸು ಹತ್ತಿದರು. ಹೊನ್ನಾಳಿಯ ಸಣ್ಣಪ್ಪ ಕೈಗೆ ಬಂದ ಜೋಕರನ್ನು ಚೇಳು ಮುಟ್ಟಿದವನಂತೆ ಎಸೆದ. ನಾನೂ ಸೋಲಲೆಂದೇ ಕೂತೆ. ಆದರೆ ಇಪ್ಪತ್ತೆರಡು ವರ್ಷದಿಂದ ಸೋಲದ ಕೈ ಇದು, ಸೋಲುವುದು ಹೇಗೆಂದೇ ಇದಕ್ಕೆ ಗೊತ್ತಿಲ್ಲ. ಫೈನಲ್‌ಗೆ ಬಂದುಬಿಟ್ಟೆ.

ಎದುರಿಗೆ ಜಗಳೂರಿನ ಭೀಮಕ್ಕ. ಎಂಬತ್ತು ದಾಟಿದ ಅಜ್ಜಿ. ಅಷ್ಟು ಜನರಲ್ಲಿ ಗೆಲ್ಲಬೇಕೆಂದು ಆಡಿದವಳು ಅವಳೊಬ್ಬಳೇ.

"ನಮ್ಮ ಯಜಮಾನ್ರನ್ನ ಬೇಸಿಗೇಲಿ ಐಸ್ ಗಡ್ಡೆ ಮೇಲೆ ಮಲಗಿಸಿ, ಎರಡು ದಿನ ಕರಗಿದ ನೀರು ಬಳಕೊಂತ ಕೂತಿದ್ದೆ ತಮ್ಮಾ. ನನಗೆ ಹಂಗಾಗಬಾರದು. ಕಪ್ ನೀನೇ ಇಟ್ಕೋ, ಪೆಟ್ಟಿಗೆ ನನಗಿರಲಿ."

"ಎರಡೂ ನಿಮ್ಮವೇ ಅಜ್ಜಿ. ಬೇಗ ಗೆದ್ದು ಪುಣ್ಯ ಕಟ್ಕೊಳ್ರಿ."

ಅಂಪೈರ್ ಪ್ರವೀಣ್ ಕುಮಾರ್ ಎರಡು ಪ್ಯಾಕು ಕಲೆಸಿ ಹಂಚಿದ. ನನ್ನ ಎಲೆ ಬಿಡಿಸಿದೆ. ಹದಿಮೂರೂ ಸಾಲಾಗಿ ಕೂಡಿಕೊಂಡೇ ಬಂದಿದ್ದವು! ಅರ್ಧಕ್ಕೆ ಆಟ ಬಿಟ್ಟು ಏಳುವಂತಿಲ್ಲ ಎಂದು ಬ್ಯಾನರಿನಲ್ಲಿ ಹಾಕಿಸಿದವನೂ ನಾನೇ. ಒಂದು ಎಲೆ ಎಳೆದು, ಸಾಲಿನ ನಡುವೆ ಕೂತಿದ್ದ ಆಟೀನ್ ರಾಣಿಯನ್ನು ಕಿತ್ತು ಎಸೆದೆ. ಸಾಲು ಮುರಿಯಿತು. ಅಜ್ಜಿಗೆ ಅದು ಬೇಡವಾಗಿತ್ತು. ಮುಂದಿನ ಸರದಿಗೆ ಎಳೆದರೆ ಮತ್ತೆ ಆಟೀನ್ ರಾಣಿ. ಅದನ್ನೂ ಎಸೆದೆ. ಎರಡು ಪ್ಯಾಕಿನಲ್ಲಿ ಇರುವುದೇ ಎರಡು, ಇನ್ನು ಚಿಂತೆಯಿಲ್ಲ ಎಂದು ಮೀಸೆ ನೀವಿಕೊಂಡು ಮತ್ತೊಂದು ಎಳೆದೆ.

ಆಟೀನ್ ರಾಣಿ.

ಎಸೆದ ರಾಶಿಯಲ್ಲಿ ಮೊದಲಿನ ಇಬ್ಬರು ರಾಣಿಯರೂ ಹಾಗೇ ಬಿದ್ದಿದ್ದರು.

"ಪ್ರವೀಣ, ಎಲೆ ಸರಿಯಾಗಿ ಎಣಿಸಿದ್ಯೇನೋ?"

"ನಿಮ್ಮ ಮುಂದೇನೇ ಎಣಿಸಿದ್ನಲ್ರೀ. ಯಾಕ್ರೀ, ಹಿಂಗೆ ಬೆವರ್ತಿದೀರಿ?"

ಭೀಮಕ್ಕ ತನ್ನ ಎಲೆಗಳನ್ನು ಮಡಚಿ ನನ್ನ ಮುಖ ನೋಡಿದಳು. ಆಮೇಲೆ ವೇದಿಕೆಯ ಕಡೆ ಗದ್ದ ಎತ್ತಿ ತೋರಿಸಿದಳು. ಸುತ್ತಿಟ್ಟ ವೈರು ಹಾಗೇ ಇತ್ತು. ಅದರ ಕೆಳಗಿನ ಗಾಜು ಮಾತ್ರ ಒಳಗಿನಿಂದ ಮಂಜುಗಟ್ಟಿತ್ತು.

"ಷೋ ಮಾಡಿಬಿಡು ತಮ್ಮಾ. ಎಷ್ಟೊತ್ತು ಅಂತ ಕಾಯಿಸ್ತೀಯ ಅದನ್ನ?"

ನಾನು ಎಲೆಗಳನ್ನೆಲ್ಲ ಜೇಬಿಗೆ ತುರುಕಿ, "ಕರೆಂಟ್ ಹೋತು, ಆಟ ಮುಂದಕ್ಕೆ" ಎಂದು ಕೂಗಿ ಹೊರಗೋಡಿದೆ. ಆಗ ನಡು ಮಧ್ಯಾಹ್ನ, ತಲೆಯ ಮೇಲೆ ಆರೂ ಫ್ಯಾನು ತಿರುಗುತ್ತಿದ್ದವು.

ಎಲೆ ಬಿಚ್ಚಿ ಷೋ ಮಾಡಿಲ್ಲ, ಅಂದಮೇಲೆ ನಾನು ಗೆದ್ದಿಲ್ಲ. ಆ ಎಲೆಗಳು ಯಾರ ಕಣ್ಣಿಗೂ ಬೀಳದಂತೆ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಭೀಮಕ್ಕ ಮಾತ್ರ ದಿನಾ ಫೋನ್ ಮಾಡಿ, ಆಟ ಯಾವಾಗ ಮುಗಿಸ್ತೀಯ ಎಂದು ಕೇಳುತ್ತಾಳೆ. ನಿನ್ನೆ ಹೊನ್ನಾಳಿ ಸೇತುವೆ ಮೇಲೆ ಬೈಕು ನಿಲ್ಲಿಸಿ, ಆ ರಾಣಿಯನ್ನು ನಾಲ್ಕು ಚೂರು ಮಾಡಿ ತುಂಗಭದ್ರೆಗೆ ಎಸೆದೆ. ಹಾಡು ಹೇಳಿಕೊಂಡೇ ಊರಿಗೆ ಬಂದೆ. ಮನೆಯಲ್ಲಿ ಅಂಗಿ ಬಿಚ್ಚುವಾಗ ಎದೆಯ ಹತ್ತಿರ ಜುಮ್ಮೆಂದಿತು. ಜೇಬಿನಿಂದ ಎಲೆಗಳನ್ನು ತೆಗೆದೆ. ಎಲ್ಲವೂ ನನ್ನ ಮೈಬಿಸಿಗೆ ಬೆಚ್ಚಗಿದ್ದವು. ನಡುವಿದ್ದ ರಾಣಿ ಮಾತ್ರ ಐಸ್ ಗಡ್ಡೆಯ ಮೇಲಿಂದ ಎತ್ತಿಕೊಂಡಂತೆ ತಣ್ಣಗಿದ್ದಳು.